ಕಲ್ಲಿನ ಪಾಲು, ಕೈಯ ಪಾಲು

ಪುಣೆಯಲ್ಲಿ ಬೆಟ್ಟದ ನೀರಿನ ಮಾತು ಬಂದರೆ ಎರಡು ಬಣಗಳಾಗುತ್ತವೆ. ಹಿರಿಯರ ಬಣಕ್ಕೆ ಸಿಂಹಗಡದ ದೇವಟಾಕೆಯ ನೀರು, ಭೀಮಾಶಂಕರದ ಕುಂಡದ ನೀರು, ಮಹಾಬಳೇಶ್ವರದ ಪಂಚಗಂಗೆಯ ನೀರು ಔಷಧಿಗೆ ಸಮ. ಸುತ್ತ ಕಾರ್ಖಾನೆಯಿಲ್ಲ, ಗಟಾರವಿಲ್ಲ, ಕಲ್ಲಿನೊಳಗಿಂದ ಜಿನುಗಿ ಬಂದ ನೀರಿಗೆ ಯಾವ ದೋಷ ಎನ್ನುತ್ತಾರೆ. ಅವರ ಮಕ್ಕಳ ಬಣ ಯಾವ ನೀರನ್ನೂ ನಂಬುವುದಿಲ್ಲ. ಒಂದು ಬಾಟಲಿ ತುಂಬಿ ಒಳ್ಳೆಯ ಯಂತ್ರವಿರುವ ಲ್ಯಾಬಿಗೆ ಕೊಟ್ಟರೆ ಸತ್ಯ ಹೊರಬೀಳುತ್ತದೆ, ಅಲ್ಲಿಯವರೆಗೆ ಮನೆಯ ಆರ್‌ಒ ನೀರೇ ಗತಿ ಎನ್ನುತ್ತಾರೆ. ಇಲ್ಲಿನ ಕನ್ನಡಿಗರ ಮನೆಗಳಲ್ಲೂ ಈ ವಾದ ನಡೆಯುತ್ತದೆ. ಶಿರಸಿ, ತೀರ್ಥಹಳ್ಳಿ ಕಡೆ ಅಬ್ಬಿ ನೀರು ಕುಡಿದು ಬೆಳೆದವರು ಮೊದಲ ಬಣ, ಹಿಂಜವಡಿಯ ಕಂಪನಿಗಳಿಗೆ ಹೋಗುವವರು ಎರಡನೆಯ ಬಣ.

ಇಬ್ಬರೂ ಎಷ್ಟೇ ಜಗಳವಾಡಿದರೂ ಒಂದು ವಿಷಯದಲ್ಲಿ ಒಂದೇ ಮಾತು. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಭಾರಲೋಹ ಇದ್ದರೆ ಅದು ಕೆಟ್ಟಿದೆ, ಇಲ್ಲದಿದ್ದರೆ ಶುದ್ಧ. ಇದೆಯೋ ಇಲ್ಲವೋ ಎಂಬುದನ್ನು ಯಂತ್ರ ಹೇಳುತ್ತದೆ. ನನ್ನ ತಕರಾರು ಇರುವುದು ಈ ಒಮ್ಮತದ ಮೇಲೆ. ಲೋಹವೇ ಇಲ್ಲದ ಒರತೆ ಭೂಮಿಯ ಮೇಲೆಲ್ಲೂ ಇಲ್ಲ. ಕೇಳಬೇಕಾದದ್ದು ಯಾವ ಲೋಹ, ಎಷ್ಟು, ಎಲ್ಲಿಂದ ಬಂತು ಎಂದು. ಯಂತ್ರ ಹೇಳುವುದು ‘ಎಷ್ಟು’ ಎಂಬುದನ್ನು ಮಾತ್ರ, ಅದೂ ತನ್ನೊಳಗೆ ಹೋದ ನೀರಿನಲ್ಲಿ ಎಷ್ಟು ಎಂಬುದನ್ನು. ಆ ಅಂಕಿಯಲ್ಲಿ ಕಲ್ಲಿನಿಂದ ಬಂದದ್ದೆಷ್ಟು, ಮಳೆ ತಂದದ್ದೆಷ್ಟು, ಕೊಳವೆಯಿಂದ ಕರಗಿದ್ದೆಷ್ಟು, ಬಾಟಲಿಯಿಂದ, ತುಂಬಿದವರ ಕೈಯಿಂದ ಸೇರಿದ್ದೆಷ್ಟು ಎಂದು ಬಿಡಿಸಿ ಹೇಳುವ ಶಕ್ತಿ ಅತ್ಯುತ್ತಮ ಯಂತ್ರಕ್ಕೂ ಇಲ್ಲ. ಅದನ್ನು ಬಿಡಿಸುವ ಕೆಲಸ ಒರತೆಯ ಬುಡದಲ್ಲೇ ಆಗಬೇಕು. ನಮ್ಮಲ್ಲಿ ಆಗದೆ ಉಳಿದಿರುವುದು ಆ ಕೆಲಸವೇ.

ಮೊದಲು ಕಲ್ಲಿನ ವಿಷಯ. ಪುಣೆಯ ಸುತ್ತಲಿನ ಬೆಟ್ಟಗಳೆಲ್ಲ ದಖ್ಖನ್ ಬಸಾಲ್ಟಿನವು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಸಿಂಹಗಡದ ಏರಿನಲ್ಲಿ ಬಂಡೆ ಕಡಿದ ಜಾಗಗಳನ್ನು ನೋಡಿದರೆ ಈ ಪದರಗಳು ಬರಿಗಣ್ಣಿಗೇ ಕಾಣುತ್ತವೆ. ಕೆಲವು ಪದರಗಳು ಗುಳ್ಳೆ ಗುಳ್ಳೆಯಾಗಿ, ಬಿರುಕುಬಿಟ್ಟು ನೀರು ಹಿಡಿಯುತ್ತವೆ. ಕೆಲವು ಗಟ್ಟಿಯಾಗಿ ನೀರನ್ನು ತಡೆಯುತ್ತವೆ. ಮೇಲಿನ ಸಡಿಲ ಪದರದಲ್ಲಿ ಇಳಿದ ಮಳೆ ಕೆಳಗಿನ ಗಟ್ಟಿ ಪದರಕ್ಕೆ ತಾಗಿ ಅಡ್ಡ ಹರಿದು, ಬೆಟ್ಟದ ಮೈ ತೆರೆದುಕೊಂಡ ಕಡೆ ಹೊರಬಂದರೆ ಅದೇ ಒರತೆ. ಹೀಗೆ ಹರಿಯುವಾಗ ನೀರು ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಹಾಗಾದರೆ ಆ ಕಲ್ಲಿನಲ್ಲಿ ಏನಿದೆ?

ಬಸಾಲ್ಟಿನಲ್ಲಿ ತಾಮ್ರ ಧಾರಾಳ, ಕಿಲೋ ಕಲ್ಲಿಗೆ ನೂರು-ಇನ್ನೂರು ಮಿಲಿಗ್ರಾಂ. ವನೇಡಿಯಂ ಅದಕ್ಕಿಂತ ಹೆಚ್ಚು. ನಿಕ್ಕಲ್, ಕ್ರೋಮಿಯಂ, ಸತು ಕೂಡ ಗಮನಿಸುವಷ್ಟಿವೆ. ಸೀಸ ಮಾತ್ರ ಬಹಳ ಕಡಿಮೆ, ಕೆಲವೇ ಮಿಲಿಗ್ರಾಂ. ಬೆಂಗಳೂರಿನ ಕಡೆಯ ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಇದರ ಹಲವು ಪಟ್ಟು ಸೀಸ ಇರುತ್ತದೆ. ಬಸಾಲ್ಟಿನಲ್ಲಿ ಆರ್ಸೆನಿಕ್ಕೂ ಅತ್ಯಲ್ಪ. ಈ ಒಂದು ಸಂಗತಿ ತಿಳಿದಿದ್ದರೆ ಅರ್ಧ ವರದಿಯನ್ನು ಓದಿ ಅರ್ಥ ಮಾಡಿಕೊಂಡಂತೆ. ಸಹ್ಯಾದ್ರಿಯ ಬಸಾಲ್ಟ್ ಒರತೆಯ ವರದಿಯಲ್ಲಿ ಸ್ವಲ್ಪ ವನೇಡಿಯಂ, ಸ್ವಲ್ಪ ಕ್ರೋಮಿಯಂ ಕಂಡರೆ ಗಾಬರಿ ಬೇಡ, ಅದು ಕಲ್ಲಿನ ಸ್ವಭಾವ. ಸೀಸ ಎದ್ದು ಕಂಡರೆ ಮೊದಲ ಅನುಮಾನ ಬೆಟ್ಟದ ಮೇಲೆ ಹೋಗಬಾರದು. ನಲ್ಲಿ, ಕೊಳವೆ, ಬಾಟಲಿಗಳ ಮೇಲೆ ಹೋಗಬೇಕು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಸೀಸ ಕಂಡರೆ ‘ಬೆಟ್ಟದ ನೀರೂ ಹಾಳಾಯಿತು’ ಎಂದು ಒರತೆಯನ್ನೇ ಬಿಟ್ಟುಬಿಡುತ್ತೇವೆ. ಸೀಸವನ್ನು ಬಿಡುತ್ತಿರುವ ನಲ್ಲಿ ಅಲ್ಲೇ ಉಳಿಯುತ್ತದೆ.

ನಲ್ಲಿಯ ಮೇಲಿನ ಅನುಮಾನಕ್ಕೆ ಗಟ್ಟಿ ಕಾರಣಗಳಿವೆ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಅದಕ್ಕೆ ಸೀಸ ಬೆರೆಸುವುದುಂಟು. ಪಿವಿಸಿ ಕೊಳವೆ ಬಿಸಿಗೆ ಕೆಡದಿರಲೆಂದು ಸೀಸದ ಲವಣ ಹಾಕುತ್ತಿದ್ದರು. ಅದನ್ನು ನಿಯಂತ್ರಿಸುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ. ಅದಕ್ಕೂ ಮೊದಲು ಒರತೆಯಿಂದ ಊರಿಗೆ ಎಳೆದ ಕೊಳವೆಗಳು ಇನ್ನೂ ಅಲ್ಲೇ ಇವೆ. ಮಹಾಬಳೇಶ್ವರದ ಮಾಳದ ಮೇಲೆ ಬಸಾಲ್ಟಿಗೆ ಮುರಕಲ್ಲಿನ ಹೊದಿಕೆಯಿದೆ. ಮುರಕಲ್ಲಿನ ನೀರು ಮೃದು, ತುಸು ಆಮ್ಲೀಯ. ಕಾಸರಗೋಡಿನ ಕಡೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರಿನ ಸ್ವಭಾವವೂ ಇದೇ. ಇಂಥ ನೀರು ಲೋಹದ ನಲ್ಲಿಯನ್ನು, ಸತು ಲೇಪಿಸಿದ ಕೊಳವೆಯನ್ನು ಗಡಸು ನೀರಿಗಿಂತ ಬೇಗ ತಿನ್ನುತ್ತದೆ. ರಾತ್ರಿಯೆಲ್ಲ ನಲ್ಲಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಬಾಟಲಿಗೆ ತುಂಬಿ, ಅದಕ್ಕೆ ‘ಒರತೆಯ ನೀರು’ ಎಂದು ಚೀಟಿ ಅಂಟಿಸಿ ಲ್ಯಾಬಿಗೆ ಕೊಟ್ಟರೆ ಬರುವ ಅಂಕಿ ನಲ್ಲಿಯದು. ಕುಡಿಯುವವರಿಗೆ ಅದೂ ಮುಖ್ಯವೇ, ಅಲ್ಲಗಳೆಯುತ್ತಿಲ್ಲ. ಆದರೆ ಮದ್ದು ಬೇರೆ: ಕೆಟ್ಟಿರುವುದು ನಲ್ಲಿಯಾದರೆ ನಲ್ಲಿ ಬದಲಿಸಬೇಕು, ಕೆಟ್ಟಿರುವುದು ಒರತೆಯಾದರೆ ನೀರಿಗೆ ಬೇರೆ ದಾರಿ ಹುಡುಕಬೇಕು. ಯಾವುದೆಂದು ಗೊತ್ತಾಗುವುದು ಎರಡೂ ಕಡೆ ಬೇರೆ ಬೇರೆ ಮಾದರಿ ತೆಗೆದಾಗ ಮಾತ್ರ.

ಹಿರಿಯರ ‘ಕಾರ್ಖಾನೆ ಇಲ್ಲದ ಕಡೆ ದೋಷವಿಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲುಗಳ ಚರ್ಮ ಗಟ್ಟಿಯಾಗಿ ಕಲೆಗಟ್ಟಿದ್ದು ಅಂತರ್ಜಲದ ಆರ್ಸೆನಿಕ್‌ನಿಂದ. ಅಲ್ಲಿರುವುದು ಹಿಂದೆ ಚಿನ್ನಕ್ಕಾಗಿ ಅಗೆದ ಮಂಗಳೂರು ಶಿಲಾಪಟ್ಟಿ (ಇದು ಕರಾವಳಿಯ ಮಂಗಳೂರಲ್ಲ), ಚಿನ್ನದ ಜೊತೆಗೇ ಆರ್ಸೆನಿಕ್ ಹೊತ್ತ ಕಲ್ಲು. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇದರ ಬಗ್ಗೆ 2013ರಲ್ಲಿ ಅಧ್ಯಯನ ಪ್ರಕಟಿಸಿದರು. ಕಲ್ಲು ನಿರಪರಾಧಿ ಎಂದು ಎಲ್ಲ ಕಡೆಗೂ ಅನ್ವಯಿಸುವ ಹಾಗೆ ಹೇಳಲು ಬರುವುದಿಲ್ಲ. ಯಾವ ಕಲ್ಲು ಎಂದು ಕೇಳಲೇಬೇಕು.

ಲೋಹದ ಅಂಕಿಯನ್ನು ಕಲ್ಲು ನೋಡದೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ವನೇಡಿಯಂಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜಪಾನಿನ ಫ್ಯೂಜಿ ಪರ್ವತವೂ ಬಸಾಲ್ಟಿನದು. ಅದರ ಒರತೆಗಳಲ್ಲಿ ವನೇಡಿಯಂ ಹೆಚ್ಚು. ಅಲ್ಲಿ ‘ವನೇಡಿಯಂ ನೀರು’ ಎಂದೇ ಬಾಟಲಿ ಕಟ್ಟಿ, ಆರೋಗ್ಯಕ್ಕೆ ಒಳ್ಳೆಯದೆಂದು ಮಾರುತ್ತಾರೆ. ಇಟಲಿಯ ಎಟ್ನಾ ಜ್ವಾಲಾಮುಖಿಯ ಸುತ್ತ ಅದೇ ವನೇಡಿಯಂ ಕುಡಿಯುವ ನೀರಿನ ಸಮಸ್ಯೆಯಾಯಿತು. ಸರಕಾರ ಲೀಟರಿಗೆ 50 ಮೈಕ್ರೊಗ್ರಾಂ ಇದ್ದ ಮಿತಿಯನ್ನು 140ಕ್ಕೆ ಏರಿಸಿತು. ನಮ್ಮ ಐಎಸ್ 10500 ಎಂಬ ಕುಡಿಯುವ ನೀರಿನ ಮಾನಕದ ಲೋಹಗಳ ಪಟ್ಟಿಯಲ್ಲಿ ವನೇಡಿಯಂ ಇಲ್ಲವೇ ಇಲ್ಲ. ಹಾಗಾಗಿ ಪುಣೆಯ ಬೆಟ್ಟಗಳು ಅತಿ ಹೆಚ್ಚಾಗಿ ಬಿಟ್ಟುಕೊಡಬಹುದಾದ ಲೋಹಗಳಲ್ಲೊಂದನ್ನು ಯಾರೂ ಅಳೆಯಲು ಹೇಳುವುದಿಲ್ಲ, ಆ ಕಲ್ಲಿನಲ್ಲಿ ಬಹುಪಾಲು ಇಲ್ಲದ ಸೀಸಕ್ಕಾಗಿ ಎಲ್ಲರೂ ಹುಡುಕುತ್ತಾರೆ.

ಈಗ ಅಳತೆಯ ಮಾತು. ಸೀಸಕ್ಕೆ ನಮ್ಮ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೊಗ್ರಾಂ. ಕ್ಯಾಡ್ಮಿಯಂಗೆ 3, ಪಾದರಸಕ್ಕೆ 1, ಒಟ್ಟು ಕ್ರೋಮಿಯಂಗೆ 50 ಮೈಕ್ರೊಗ್ರಾಂ. ಇವು ಎಷ್ಟು ಸಣ್ಣ ಪ್ರಮಾಣಗಳೆಂದು ತಿಳಿಯಲು ಪುಣೆಯ ಮನೆ ಮನೆಯಲ್ಲಿರುವ ಟಿಡಿಎಸ್ ಮೀಟರನ್ನೇ ತೆಗೆದುಕೊಳ್ಳಿ. ಪೆನ್ನಿನಷ್ಟು ಗಾತ್ರದ ಆ ಮೀಟರು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಒಂದು ಗುಣಕದಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಎಂದು ತೋರಿಸುತ್ತದೆ. ಅದರ ಅತಿ ಸಣ್ಣ ಹೆಜ್ಜೆಯೇ ಒಂದು ಮಿಲಿಗ್ರಾಂ. ಸೀಸ ಮಿತಿಯ ನೂರು ಪಟ್ಟು ಹೆಚ್ಚಿದರೂ ಮೀಟರಿನ ಅಂಕಿ ಒಂದೋ ಎರಡೋ ಕದಲಿದರೆ ಅದೇ ಹೆಚ್ಚು. 45 ಎಂದು ತೋರಿಸುವ ಒರತೆಯ ನೀರು ಸೀಸದಿಂದ ವಿಷವಾಗಿದ್ದರೂ 45 ಎಂದೇ ತೋರಿಸಬಹುದು. 400 ತೋರಿಸುವ ಬಾವಿ ನೀರಿನಲ್ಲಿ ಸೀಸದ ಸುಳಿವೇ ಇಲ್ಲದಿರಬಹುದು. ಇಷ್ಟಾದರೂ ‘ಟಿಡಿಎಸ್ ಕಡಿಮೆ, ಹಾಗಾಗಿ ಲೋಹವಿಲ್ಲ’ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳುತ್ತೇನೆ.

ಇದಕ್ಕಿಂತ ಕೆಟ್ಟದ್ದು ಆರ್‌ಒ ಮಾರುವವರು ಅಡುಗೆಮನೆಯ ಕಟ್ಟೆಯ ಮೇಲೆ ತೋರಿಸುವ ಪ್ರಯೋಗ. ಎರಡು ಗಾಜಿನ ಲೋಟ, ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಎರಡಕ್ಕೂ ನಾಲ್ಕು ಲೋಹದ ಕಡ್ಡಿಗಳಿರುವ ಸಾಧನವನ್ನು ಇಳಿಸಿ ಸ್ವಿಚ್ ಒತ್ತುತ್ತಾರೆ. ಕ್ಷಣಗಳಲ್ಲಿ ನಲ್ಲಿಯ ನೀರು ಹಸಿರುಗಂದು ಬಣ್ಣಕ್ಕೆ ತಿರುಗಿ, ಮೇಲೆ ನೊರೆ, ಕೆಳಗೆ ಗಸಿ ಕಾಣಿಸುತ್ತದೆ. ಆರ್‌ಒ ನೀರು ಹಾಗೇ ಉಳಿಯುತ್ತದೆ. ‘ನೋಡಿ ಕಾಕೂ, ನೀವು ಕುಡಿಯುತ್ತಿರುವ ಲೋಹ’ ಎನ್ನುತ್ತಾರೆ. ಆ ಗಸಿ ನೀರಿನಲ್ಲಿ ಮೊದಲೇ ಇದ್ದದ್ದಲ್ಲ. ಕಬ್ಬಿಣದ ಕಡ್ಡಿ ವಿದ್ಯುತ್ತಿಗೆ ಕರಗಿ ಆದದ್ದು ಅದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಕರಗುವುದಿಲ್ಲ. ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಸ್ವಿಚ್ ಒತ್ತಿ ಎಂದು ಹೇಳಿ ನೋಡಿ, ಅದೂ ಅದೇ ಬಣ್ಣಕ್ಕೆ ತಿರುಗುತ್ತದೆ. ಇದು ಅಳತೆ ಅಲ್ಲ, ಮೋಸ. ಇದನ್ನು ನಂಬಿ ಒಳ್ಳೆಯ ನೀರನ್ನು ಬಿಟ್ಟ ಮನೆಗಳು ಎಷ್ಟೋ ಇವೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಹಾಗಾದರೆ ಒಳ್ಳೆಯ ಯಂತ್ರವಿರುವ ಲ್ಯಾಬು? ಎರಡನೆಯ ಬಣದ ಗಟ್ಟಿ ನಂಬಿಕೆ ಇರುವುದು ಇಲ್ಲಿ. ಐಸಿಪಿ-ಎಂಎಸ್ ಎಂಬ ಯಂತ್ರ ಲೀಟರಿಗೆ ನ್ಯಾನೊಗ್ರಾಂ ಮಟ್ಟದ ಲೋಹವನ್ನೂ ಎಣಿಸುತ್ತದೆ, ಅಂದರೆ ಮೈಕ್ರೊಗ್ರಾಂನ ಸಾವಿರದ ಒಂದು ಭಾಗ. ಅದರ ಸೂಕ್ಷ್ಮತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅಷ್ಟು ಸೂಕ್ಷ್ಮವಾಗಿ ನೋಡುವ ಯಂತ್ರ ಒರತೆಯ ಲೋಹದ ಜೊತೆಗೆ ಬಾಟಲಿಯ, ಧೂಳಿನ, ಬೆವರಿನ, ಕೈಗವಸಿನ ಪುಡಿಯ ಲೋಹವನ್ನೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಯಂತ್ರ ಚುರುಕಾದಷ್ಟೂ ಕೈ ಶುದ್ಧವಾಗಿರಬೇಕು.

ವಿಜ್ಞಾನ ಇದನ್ನು ಕಲಿತದ್ದು ಬಹಳ ಕಷ್ಟಪಟ್ಟು. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದರು. ಆ ಕೆಲಸದಲ್ಲಿ ಅವರನ್ನು ಹೆಚ್ಚು ಕಾಡಿದ್ದು ಪ್ರಯೋಗಾಲಯದ ಗಾಳಿ, ಪಾತ್ರೆ, ರಾಸಾಯನಿಕ, ಕೂದಲು ಎಲ್ಲದರಿಂದಲೂ ಉದುರುತ್ತಿದ್ದ ಸೀಸ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲ ಅದು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಪ್ಯಾಟರ್ಸನ್ ಕ್ಯಾಲಿಫೋರ್ನಿಯಾದಲ್ಲಿ ಅತಿ ಶುದ್ಧ ಪ್ರಯೋಗಾಲಯ ಕಟ್ಟಿದರು. 1980ರಲ್ಲಿ ಡೊರೊಥಿ ಸೆಟ್ಲ್ ಜೊತೆಗೂಡಿ ಟ್ಯೂನಾ ಮೀನಿನ ಸೀಸದ ಬಗ್ಗೆ ಅವರು ಬರೆದ ಲೇಖನವನ್ನು ನೀರು ಅಳೆಯುವ ಪ್ರತಿಯೊಬ್ಬರೂ ಓದಬೇಕು. ಸೀಸದ ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ ತಾಜಾ ಮೀನಿಗಿಂತ ಸಾವಿರಾರು ಪಟ್ಟು ಸೀಸವಿತ್ತು. ಬೇರೆ ಪ್ರಯೋಗಾಲಯಗಳಿಗೆ ಆ ಅಗಾಧ ವ್ಯತ್ಯಾಸ ಕಂಡಿರಲೇ ಇಲ್ಲ, ಏಕೆಂದರೆ ಅವರ ಕೈಯ ಸೀಸ ತಾಜಾ ಮೀನಿಗೂ ಸೇರಿ ಎರಡೂ ಹೆಚ್ಚುಕಡಿಮೆ ಒಂದೇ ಎಂಬಂತೆ ತೋರಿಸಿತ್ತು. ಕೊಳಕು ಕೈ ಸುಳ್ಳು ಭಯ ಹುಟ್ಟಿಸುತ್ತದೆ ಎಂಬುದು ಅರ್ಧ ಮಾತು. ಅದು ನಿಜವಾದ ವಿಷವನ್ನು ಮುಚ್ಚಿಯೂ ಇಡುತ್ತದೆ. ನನಗೆ ಹೆಚ್ಚು ಭಯವಿರುವುದು ಎರಡನೆಯದರ ಬಗ್ಗೆ.

ಇದು ಮೀನಿನ ಕಥೆ, ನೀರಿನದಲ್ಲ ಎನ್ನುವವರಿಗೆ ಇನ್ನೊಂದು. ಅಮೆರಿಕದ ಭೂವಿಜ್ಞಾನ ಇಲಾಖೆ ವರ್ಷಗಟ್ಟಲೆ ದೇಶದ ನದಿಗಳ ಕರಗಿದ ಲೋಹಗಳನ್ನು ಅಳೆದು ದಾಖಲಿಸಿತ್ತು. 1991ರಲ್ಲಿ ಹರ್ಬರ್ಟ್ ವಿಂಡಮ್ ಮತ್ತು ಸಂಗಡಿಗರು ಪೂರ್ವ ಕರಾವಳಿಯ ನದಿಗಳಲ್ಲಿ ಶುದ್ಧ ವಿಧಾನದಿಂದ ಮತ್ತೆ ಅಳೆದಾಗ ಇಲಾಖೆಯ ಹಲವು ಲೋಹಗಳ ಅಂಕಿಗಳು ನಿಜಕ್ಕಿಂತ ಬಹಳ ಹೆಚ್ಚು ಎಂದು ಕಂಡಿತು. ಇಡೀ ದೇಶದ ದಾಖಲೆಯನ್ನೇ ಸಂಶಯದಿಂದ ನೋಡುವಂತಾಯಿತು, ಮಾದರಿ ತೆಗೆಯುವ ವಿಧಾನ ಬದಲಾಯಿತು. 1996ರ ಹೊತ್ತಿಗೆ ಅಲ್ಲಿನ ಪರಿಸರ ಸಂಸ್ಥೆ 1669 ಎಂಬ ಸಂಖ್ಯೆಯ ವಿಧಾನವನ್ನು ಹೊರತಂದಿತು. ಅದರಲ್ಲಿ ಯಂತ್ರದ ಮಾತಿಲ್ಲ, ಇರುವುದೆಲ್ಲ ಕೈಯ ಮಾತು.

ಆ ಕೆಲಸ ಒರತೆಯ ಬಳಿ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಇಬ್ಬರು ಬೇಕು. ಪಾಲಿಥೀನ್ ಬಾಟಲಿಗಳನ್ನು ಮೊದಲೇ ಹತ್ತು ಪ್ರತಿಶತ ನೈಟ್ರಿಕ್ ಆಮ್ಲದಲ್ಲಿ ದಿನಗಟ್ಟಲೆ ನೆನೆಸಿ, ಅತಿ ಶುದ್ಧ ನೀರಿನಲ್ಲಿ ಜಾಲಿಸಿ, ಒಂದರೊಳಗೊಂದು ಎರಡು ಚೀಲಗಳಲ್ಲಿ ಇಟ್ಟಿರಬೇಕು. ಒಬ್ಬರದು ಕೊಳಕು ಕೈ: ಅವರು ಹೊರಚೀಲ ಬಿಚ್ಚುತ್ತಾರೆ, ಪೆಟ್ಟಿಗೆ, ಪಂಪು, ಪುಸ್ತಕ ಮುಟ್ಟುತ್ತಾರೆ. ಇನ್ನೊಬ್ಬರದು ಶುದ್ಧ ಕೈ: ಪುಡಿ ಹಚ್ಚದ ಕೈಗವಸು ಹಾಕಿಕೊಂಡು ಒಳಚೀಲವನ್ನೂ ಬಾಟಲಿಯನ್ನೂ ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಪುಡಿ ಇದ್ದ ಕೈಗವಸಾದರೆ ಅದರ ಸತುವೇ ವರದಿಯಲ್ಲಿ ಕಾಣುತ್ತದೆ. ನೀರು ಬಂಡೆಯಿಂದ ಹೊರಬರುವ ಬಾಯಲ್ಲೇ, ಕೆಸರು ಕಲಕದಂತೆ, ಹರಿವಿನ ಎದುರಿಗೆ ಬಾಟಲಿ ಹಿಡಿಯಬೇಕು. ಒಂದು ಬಾಟಲಿ ಹಾಗೇ, ಇನ್ನೊಂದು 0.45 ಮೈಕ್ರಾನಿನ ಸೋಸುಕದಿಂದ ಸೋಸಿ. ಮೊದಲನೆಯದು ಮಣ್ಣಿನ ಕಣವೂ ಸೇರಿದ ಒಟ್ಟು ಲೋಹ, ಎರಡನೆಯದು ಕರಗಿದ ಲೋಹ. ಮಳೆಗಾಲದಲ್ಲಿ ಈ ಎರಡರ ನಡುವೆ ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂನಲ್ಲಿ ಭಾರಿ ಅಂತರ ಬರುತ್ತದೆ. ಆಮೇಲೆ ಎರಡಕ್ಕೂ ಶುದ್ಧ ನೈಟ್ರಿಕ್ ಆಮ್ಲದ ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಆಮ್ಲ ಹಾಕದಿದ್ದರೆ ಲ್ಯಾಬು ಮುಟ್ಟುವಷ್ಟರಲ್ಲಿ ಸೀಸ ಬಾಟಲಿಯ ಗೋಡೆಗೆ ಅಂಟಿಕೊಂಡು ‘ಇಲ್ಲ’ ಎಂದು ವರದಿ ಬರುತ್ತದೆ.

ಇಷ್ಟಾದ ಮೇಲೆ ಮಾಡುವ ಒಂದು ಕೆಲಸ ನೋಡುವವರಿಗೆ ವ್ಯರ್ಥ ಅನ್ನಿಸುತ್ತದೆ. ಲ್ಯಾಬಿನಿಂದ ಹೊತ್ತು ತಂದ ಅತಿ ಶುದ್ಧ ನೀರನ್ನು ಒರತೆಯ ಪಕ್ಕದಲ್ಲೇ ತೆರೆದು, ಅದೇ ಸೋಸುಕದಲ್ಲಿ ಸೋಸಿ, ಅದೇ ಆಮ್ಲ ಹಾಕಿ, ಅದೇ ಥರದ ಬಾಟಲಿಗೆ ತುಂಬಬೇಕು. ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಇದರಲ್ಲಿ ಸೀಸ ಕಂಡರೆ ಅದು ಬೆಟ್ಟದ್ದಾಗಿರಲು ಸಾಧ್ಯವೇ ಇಲ್ಲ, ನಮ್ಮದೇ. ಒರತೆಯ ಮಾದರಿಯಲ್ಲಿ 4, ಬ್ಲ್ಯಾಂಕಿನಲ್ಲಿ 3.5 ಮೈಕ್ರೊಗ್ರಾಂ ಬಂದರೆ ಒರತೆಯ ಬಗ್ಗೆ ಹೇಳಲು ನಮ್ಮ ಬಳಿ ಏನೂ ಇಲ್ಲ. ನಾನು ನೋಡಿದ ಖಾಸಗಿ ವರದಿಗಳಲ್ಲಿ ಬ್ಲ್ಯಾಂಕಿನ ಅಂಕಿ ಅಚ್ಚಾದದ್ದು ಅಪರೂಪ. ಬಾಟಲಿಯನ್ನು ಗಿರಾಕಿಯೇ ತಂದುಕೊಟ್ಟರೆ ಬ್ಲ್ಯಾಂಕ್ ಎಲ್ಲಿಂದ ಬರಬೇಕು? ಅದೂ ಹೆಚ್ಚಿನವರು ತರುವುದು ಅಂಗಡಿಯ ನೀರು ಕುಡಿದು ಖಾಲಿಯಾದ ಬಾಟಲಿ. ವಿಲಿಯಂ ಶೋಟಿಕ್ ಮತ್ತು ಸಂಗಡಿಗರು 2006ರಲ್ಲಿ ಕೆನಡಾದ ಶುದ್ಧ ಅಂತರ್ಜಲದಲ್ಲಿ ಆಂಟಿಮನಿ ಲೀಟರಿಗೆ ಸುಮಾರು 2 ನ್ಯಾನೊಗ್ರಾಂ ಮಾತ್ರ ಎಂದೂ, ಅಲ್ಲಿ ಪೆಟ್ ಬಾಟಲಿಯಲ್ಲಿ ಮಾರುವ ನೀರಿನಲ್ಲಿ ಸರಾಸರಿ 156 ನ್ಯಾನೊಗ್ರಾಂ ಎಂದೂ ತೋರಿಸಿದರು. ಅದು ಕುಡಿಯಲು ಅಪಾಯದ ಪ್ರಮಾಣವಲ್ಲ, ನಿಗದಿತ ಮಿತಿಗಿಂತ ಎಷ್ಟೋ ಕೆಳಗೆ. ಆದರೆ ಅಳೆಯುವವನಿಗೆ ಅದರ ಅರ್ಥ ಒಂದೇ, ಬಾಟಲಿ ಒರತೆಗಿಂತ ಎಪ್ಪತ್ತು ಪಟ್ಟು ದೊಡ್ಡ ದನಿಯಲ್ಲಿ ಮಾತಾಡುತ್ತಿದೆ.

ಯಂತ್ರದೊಳಗೂ ತೊಡಕುಗಳಿವೆ. ಅದರಲ್ಲೊಂದು ನಮ್ಮ ಬಸಾಲ್ಟಿಗೇ ಸಂಬಂಧಿಸಿದ್ದು. ಯಂತ್ರದ ಬೆಂಕಿ ಆರ್ಗಾನ್ ಅನಿಲದ್ದು, ಆರ್ಗಾನಿನ ತೂಕ 40. ಬಸಾಲ್ಟ್ ಒರತೆಯಲ್ಲಿ ಬೈಕಾರ್ಬೊನೇಟ್ ಹೇರಳ, ಅದರಲ್ಲಿರುವ ಇಂಗಾಲದ ತೂಕ 12. ಎರಡೂ ಕೂಡಿದ ಕಣದ ತೂಕ 52, ಕ್ರೋಮಿಯಂನ ಮುಖ್ಯ ಐಸೋಟೋಪಿನದೂ 52. ಯಂತ್ರ ಗುರುತಿಸುವುದು ತೂಕವನ್ನೇ ಆದ್ದರಿಂದ ಇಂಗಾಲವನ್ನು ಕ್ರೋಮಿಯಂ ಎಂದು ಎಣಿಸಿಬಿಡುತ್ತದೆ. ಕ್ಲೋರಿನ್ 35 ಸೇರಿದರೆ 75, ಅದು ಆರ್ಸೆನಿಕ್‌ನ ತೂಕ. ಆಮ್ಲ ಹಾಕಿ ಇಂಗಾಲವನ್ನು ಅನಿಲವಾಗಿ ಓಡಿಸಿದರೆ, ಹೀಲಿಯಂ ಹಾಯಿಸಿ ಈ ಜೋಡಿಗಳನ್ನು ತಡೆದರೆ ತೊಂದರೆ ಬಹುತೇಕ ನೀಗುತ್ತದೆ. ಬಲ್ಲವರು ಅದನ್ನು ಮಾಡುತ್ತಾರೆ. ಮಾಡಿದ್ದಾರೋ ಎಂದು ಕೇಳುವ ಹಕ್ಕು ಮಾದರಿ ಕೊಟ್ಟವರಿಗಿದೆ.

‘ಬಿಡಿಎಲ್’ ಎಂಬ ಮೂರಕ್ಷರವನ್ನೂ ಕೇಳಿ ತಿಳಿಯಬೇಕು. ಪತ್ತೆ ಮಿತಿಗಿಂತ ಕಡಿಮೆ ಎಂದು ಅದರ ಅರ್ಥ. ಆದರೆ ಯಾರ ಪತ್ತೆ ಮಿತಿ? ಹಳೆಯ ಜ್ವಾಲೆಯ ಯಂತ್ರದಲ್ಲಿ ಸೀಸದ ಪತ್ತೆ ಮಿತಿಯೇ ಮಾನಕದ 10 ಮೈಕ್ರೊಗ್ರಾಂನ ಆಸುಪಾಸು. ಅಂಥಲ್ಲಿ ಬಿಡಿಎಲ್ ಎಂದರೆ ‘ನಮಗೆ ಕಾಣಲಿಲ್ಲ’ ಎಂದಷ್ಟೇ. ಅದನ್ನು ‘ಇಲ್ಲ’ ಎಂದು ಓದಿ ಸೊಸೈಟಿಯ ಸೂಚನಾ ಫಲಕಕ್ಕೆ ಅಂಟಿಸುತ್ತೇವೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂದು ಹೇಳಬಲ್ಲದ್ದು ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ, ಯುರೋಪು 2036ರೊಳಗೆ ಮಿತಿಯನ್ನು 5ಕ್ಕೆ ಇಳಿಸಲು ಹೊರಟಿರುವಾಗ, ಪತ್ತೆ ಮಿತಿ ಬರೆಯದ ಬಿಡಿಎಲ್‌ಗೆ ಬೆಲೆ ಇಲ್ಲ.

ಇಷ್ಟೆಲ್ಲ ಖರ್ಚು, ಇಷ್ಟೆಲ್ಲ ಶಿಸ್ತು ಒಂದು ಹಳ್ಳಿಯ ಒರತೆಗೆ ಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪ್ರತಿ ಒರತೆಗೂ ಬೇಡ ಎಂಬುದೇ ನನ್ನ ಉತ್ತರ. ನಾಳೆ ಬೆಳಿಗ್ಗೆ ಆ ನೀರು ಕುಡಿಯುವ ಮಗುವಿಗೆ ಇರುವ ಹತ್ತಿರದ ಅಪಾಯ ಸೀಸವಲ್ಲ, ಮಲದ ಬ್ಯಾಕ್ಟೀರಿಯಾ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ಪ್ರಕಟಿಸಿದ ಸಣ್ಣ ಸೀಸೆಯ ಪರೀಕ್ಷೆ ಇದಕ್ಕೆ ಸಾಕು. ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಕುದಿಸದೆ ಕುಡಿಯಬಾರದು. ಪುಣೆಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ನಾಂದೇಡ್ ಗಾವ್, ಕಿರ್ಕಟ್‌ವಾಡಿ, ಧಾಯರಿ ಸುತ್ತ ಗಿಯಾನ್-ಬಾರೆ ಕಾಯಿಲೆ ಹಬ್ಬಿ, ಕೆಲವೇ ವಾರಗಳಲ್ಲಿ ಶಂಕಿತ ಪ್ರಕರಣಗಳು ಇನ್ನೂರರ ಆಸುಪಾಸು ಮುಟ್ಟಿದವು. ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ, ನೊರೊವೈರಸ್ ಸಿಕ್ಕಿದವು. ಅನುಮಾನ ನೀರಿನ ಮೇಲೆ ಬಿತ್ತು. ಖಾಸಗಿ ಆರ್‌ಒ ಘಟಕಗಳ ನೀರಿನಲ್ಲೂ ಮಲಿನತೆ ಕಂಡು ಪಾಲಿಕೆ ಕೆಲವನ್ನು ಮುಚ್ಚಿಸಿತು. ಟಿಡಿಎಸ್ ಮೀಟರು ಆ ನೀರನ್ನೂ ಚೆನ್ನಾಗಿದೆ ಎಂದೇ ತೋರಿಸುತ್ತಿತ್ತು.

ಹಾಗಿದ್ದರೆ ಒರತೆಯ ಲೋಹವನ್ನು ಅಳೆಯುವುದಾದರೂ ಏತಕ್ಕೆ? ಕುಡಿಯುವ ನೀರಿನ ಪ್ರಮಾಣಪತ್ರಕ್ಕಿಂತ ದೊಡ್ಡ ಕಾರಣವೊಂದಿದೆ, ಅದು ಕರ್ನಾಟಕಕ್ಕೆ ನೇರವಾಗಿ ತಾಗುತ್ತದೆ. ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಇಂದ್ರಾಯಣಿ, ಪವನಾ, ಮುಳಾ, ಮುಠಾ ಎಲ್ಲವೂ ಇದೇ ಸಹ್ಯಾದ್ರಿಯ ಒರತೆಗಳಿಂದ ಹೊರಟು ಅವಳನ್ನೇ ಸೇರುತ್ತವೆ. ನಡುವೆ ಪಿಂಪ್ರಿ, ಭೋಸರಿ, ಚಾಕಣದ ಕಾರ್ಖಾನೆಗಳು, ಲೋಹ ಲೇಪಿಸುವ ಸಣ್ಣ ಸಣ್ಣ ಶೆಡ್ಡುಗಳು, ಇಡೀ ಪುಣೆಯ ಕೊಳಚೆ. ಎಲ್ಲವೂ ಉಜನಿ ಜಲಾಶಯದಲ್ಲಿ ನಿಂತು, ಅಲ್ಲಿಂದ ಇಂಡಿ, ಅಫಜಲಪುರಗಳ ಕಡೆ ಹರಿದು, ಗಾಣಗಾಪುರದಲ್ಲಿ ಭಕ್ತರು ಮುಳುಗೇಳುವ ನೀರಾಗುತ್ತದೆ. ಆ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ತಾಮ್ರ ಕಂಡಿತು ಎನ್ನೋಣ. ಮೂರೂ ಲೋಹ ಲೇಪನದ ಶೆಡ್ಡುಗಳಿಂದ ಬರುವಂಥವು, ಮೂರೂ ಬಸಾಲ್ಟಿನಲ್ಲೂ ಇರುವಂಥವು. ‘ಇದು ನಮ್ಮ ಕಲ್ಲಿನ ಗುಣ’ ಎಂದು ಕಾರ್ಖಾನೆಯವರು ಹೇಳಿದರೆ ಕಲಬುರಗಿಯ ರೈತ ಏನು ಉತ್ತರ ಕೊಡಬೇಕು? ಕಲ್ಲಿನ ಪಾಲೆಷ್ಟು ಎಂದು ತಲೆಯ ಒರತೆಯಲ್ಲಿ ಯಾರಾದರೂ ಶುದ್ಧ ಕೈಯಿಂದ ಅಳೆದಿಟ್ಟಿದ್ದರೆ ಮಾತ್ರ ಉತ್ತರವಿದೆ. ಎರಡೂ ರಾಜ್ಯಗಳು ನ್ಯಾಯಾಧಿಕರಣಗಳ ಮುಂದೆ ಟಿಎಂಸಿ ಲೆಕ್ಕಕ್ಕೆ ದಶಕಗಳನ್ನು ಸುರಿದಿವೆ. ಮೈಕ್ರೊಗ್ರಾಂ ಲೆಕ್ಕಕ್ಕೆ ಅದರ ಒಂದು ಪಾಲು ಶ್ರದ್ಧೆಯನ್ನೂ ತೋರಿಸಿಲ್ಲ.

ಪುಣೆಗೆ ಈ ಕೆಲಸದ ಸಾಮರ್ಥ್ಯವಿದೆ. 1998ರಿಂದ ಇಲ್ಲಿರುವ ಅಕ್ವಾಡ್ಯಾಮ್ ಸಂಸ್ಥೆ ಕಲ್ಲು ನೋಡಿ ಒರತೆ ಓದುವುದನ್ನು ದೇಶಕ್ಕೇ ಕಲಿಸುತ್ತಿದೆ. ಹಿಮಾಲಯದ ಒರತೆಗಳಲ್ಲಿ ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗ 2018ರಲ್ಲಿ ಹೇಳಿದ ಮೇಲೆ ನೀರಿನ ಪ್ರಮಾಣದ ಬಗ್ಗೆ ಕೆಲಸ ಚುರುಕಾಗಿದೆ. ಪುಣೆಯ ಪಾಷಾಣ್ ಬಡಾವಣೆಯಲ್ಲಿ 1950ರಿಂದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಮಹಾರಾಷ್ಟ್ರದ ಅಂತರ್ಜಲ ಇಲಾಖೆಯ ಮುಖ್ಯ ಕಚೇರಿಯೂ ಪುಣೆಯಲ್ಲೇ ಇದೆ. ಹೊಸ ಯಂತ್ರ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಬೇಕಾದದ್ದು ನೂರಾರು ಒರತೆಗಳ ಒಂದೊಂದು ಬಾಟಲಿಯಲ್ಲ, ಆಯ್ದ ಕೆಲವು ಒರತೆಗಳ ಇಡೀ ವರ್ಷದ ದಾಖಲೆ: ವೈಶಾಖದಲ್ಲಿ ಹರಿವು ಸಣ್ಣದಾಗಿ ನೀರು ಕಲ್ಲಿನೊಳಗೆ ಹೆಚ್ಚು ಕಾಲ ನಿಂತು ಬರುವಾಗ, ಮೃಗಶಿರದ ಮೊದಲ ಮಳೆ ಮೇಲ್ಮಣ್ಣನ್ನು ತೊಳೆದು ತರುವ ವಾರ, ಶ್ರಾವಣದ ತುಂಬು ಹರಿವಿನಲ್ಲಿ, ಮತ್ತೆ ಕಾರ್ತಿಕದಲ್ಲಿ. ಪ್ರತಿ ಸಲವೂ ಹರಿವಿನ ಅಳತೆ, ಸೋಸಿದ್ದು, ಸೋಸದ್ದು, ಬ್ಲ್ಯಾಂಕ್. ಭೀಮಾಶಂಕರದಲ್ಲಿ ಬಳಸಿದ ಅದೇ ವಿಧಾನ ಉಜನಿಯ ಕೆಳಗೂ ಗಾಣಗಾಪುರದಲ್ಲೂ ಬಳಕೆಯಾಗಲಿ. ಒಂದೇ ನೀರನ್ನು ಎರಡು ಬಾಟಲಿಗೆ ಹಂಚಿ, ಒಂದನ್ನು ಪುಣೆಯ ಲ್ಯಾಬು, ಇನ್ನೊಂದನ್ನು ಕರ್ನಾಟಕದ ಲ್ಯಾಬು ಅಳೆಯಲಿ, ಎರಡರ ಅಂಕಿಯೂ ಬ್ಲ್ಯಾಂಕಿನ ಸಮೇತ ಎರಡೂ ಭಾಷೆಗಳಲ್ಲಿ ಪ್ರಕಟವಾಗಲಿ. ವಿಜಯಪುರ, ಕಲಬುರಗಿಯ ಜನಪ್ರತಿನಿಧಿಗಳು ಪುಣೆಗೆ ಬಂದು ಕೇಳಬೇಕಾದದ್ದು ಇದನ್ನು.